ಚಪ್ಪಟೆ ಪಾದದವರ ಅಹವಾಲು

ಮಾನ್ಯ ಶಿಕ್ಷಣ ಸಚಿವರಿಗೆ,

ವರ್ಷಕ್ಕೆ ಲಕ್ಷಗಟ್ಟಲೆ ಶಾಲಾ ಶುಲ್ಕ ಕಟ್ಟುವ ತಂದೆಯೊಬ್ಬನ ನಮಸ್ಕಾರಗಳು.

ನಮ್ಮ ವರ್ಗಕ್ಕೆ ಘೋರ ಅನ್ಯಾಯವಾಗಿದೆ. ಕಸ್ತೂರಬಾ ವೈದ್ಯಕೀಯ ಕಾಲೇಜಿನ ಮೂಳೆತಜ್ಞರಾದ ಉದಯ ಭಾಸ್ಕರ ರಾವ್ ಮತ್ತು ಬೆಂಜಮಿನ್ ಜೋಸೆಫ್ 2300 ಮಕ್ಕಳ ಹೆಜ್ಜೆಗುರುತು ನೋಡಿ 1992ರಲ್ಲೇ ಗುಟ್ಟು ರಟ್ಟು ಮಾಡಿದ್ದಾರೆ: ಪಾದರಕ್ಷೆ ತೊಡುವ ಮಕ್ಕಳಲ್ಲಿ ಶೇ 8.6ರಷ್ಟು ಮಂದಿಗೆ ಚಪ್ಪಟೆ ಪಾದ, ತೊಡದವರಲ್ಲಿ ಶೇ 2.8 ಮಾತ್ರ. ಅದರಲ್ಲೂ ಮುಚ್ಚಿದ ಶೂ ಹಾಕುವವರದೇ ಮೇಲುಗೈ. ಸ್ವಾಮಿ, ವಾರವಿಡೀ ಕಪ್ಪು ಶೂ, ಶನಿವಾರಕ್ಕೆ ಬಿಳಿ ಶೂ ಎಂದು ಶಾಲೆ ತೋರಿಸಿದ ಅಂಗಡಿಯಲ್ಲೇ, ಅವರು ಹೇಳಿದ ದರಕ್ಕೇ ಕೊಂಡವರು ನಾವು. ಅಂಗಾಲಿನ ಕಮಾನು ಮಾತ್ರ ಎಮ್ಮೆ ಕಾಯುವ ಹುಡುಗನಿಗೆ ಪುಕ್ಕಟೆ! ಇದು ಯಾವ ಮೀಸಲಾತಿ?

ನನ್ನ ಮಗನದೂ ಚಪ್ಪಟೆ ಪಾದ. ನೋವಿಲ್ಲದಿದ್ದರೆ, ಪಾದ ಮೆದುವಾಗಿ ಬಾಗುತ್ತಿದ್ದರೆ ಸಾಮಾನ್ಯವಾಗಿ ಚಿಕಿತ್ಸೆ ಬೇಡ, ಬೆಳೆಯುತ್ತಾ ಎಷ್ಟೋ ಮಕ್ಕಳಿಗೆ ತಾನೇ ಸರಿಹೋಗುತ್ತದೆ ಎಂದರು ವೈದ್ಯರು. ತಕ್ಷಣ ವೈದ್ಯರನ್ನು ಬದಲಿಸಿ ಸಾವಿರಾರು ರೂಪಾಯಿಯ ಇನ್‌ಸೋಲ್ ಹಾಕಿಸಿದೆವು. ಮಗ ಮೊದಲಿನ ಹಾಗೆಯೇ ನಡೆಯುತ್ತಿದ್ದಾನೆ. ನಮಗೆ ಮಾತ್ರ ಗುಣವಾಗಿದೆ.

ಸರ್ಕಾರಿ ಶಾಲೆಗಳಿಗೂ ಕಪ್ಪು ಶೂ ಕೊಟ್ಟು ಸಮಾನತೆ ತಂದ ಸರ್ಕಾರಕ್ಕೆ ಅಭಿನಂದನೆ. ಕೊಕ್ಕೆಹುಳ ಬರಿಗಾಲಿನ ಚರ್ಮದ ಮೂಲಕವೇ ಒಳಹೊಗುತ್ತದಾದ್ದರಿಂದ ಶೂ ಬೇಕು, ಒಪ್ಪೋಣ. ಆದರೆ ಬೆಳೆಯುವ ಕಾಲಿಗೆ ವರ್ಷಕ್ಕೆ ಒಂದೇ ಜೊತೆ! ತೊಡಿಸಿದ ದಿನ ಸಡಿಲ, ಪರೀಕ್ಷೆಯ ಹೊತ್ತಿಗೆ ಬಿಗಿ.

ಇನ್ನು ಪಾವಗಡದಂಥ ಕಡೆಗಳ ಸಂಗತಿ. ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿ ದಾಟಿದರೆ, ವರ್ಷಗಟ್ಟಲೆ ಅದನ್ನೇ ಕುಡಿದ ಮಕ್ಕಳ ಹಲ್ಲಿಗೆ ಕಲೆ ಬೀಳುತ್ತದೆ, ಮೂಳೆಗೂ ಅದು ಇಳಿಯುತ್ತದೆ. ಜೊತೆಗೆ ಊಟದಲ್ಲಿ ಕ್ಯಾಲ್ಸಿಯಂ ಸಾಲದ ಮಗುವಿನ ಮೊಣಕಾಲುಗಳು ಒಂದಕ್ಕೊಂದು ತಾಗುವಷ್ಟು ಸೊಟ್ಟಗಾಗಬಹುದು. ಅದಕ್ಕೆ ಇನ್‌ಸೋಲ್ ಇಲ್ಲ. ಪುಣ್ಯಕ್ಕೆ ಆ ಮಕ್ಕಳು ನಮ್ಮ ಶಾಲೆಯ ಕವಾಯತಿಗೆ ಬರುವುದಿಲ್ಲ, ಸಾಲು ಕೆಡುತ್ತಿತ್ತು.

ನಮ್ಮ ಬೇಡಿಕೆ ಒಂದೇ: ದಿನಕ್ಕೊಂದು ಪೀರಿಯಡ್ ನಮ್ಮ ಮಕ್ಕಳನ್ನು ಮಣ್ಣಿನ ಮೈದಾನದಲ್ಲಿ ಬರಿಗಾಲಲ್ಲಿ ಓಡಲು ಬಿಡಿಸಿ. ಅದಕ್ಕೂ ಶುಲ್ಕ ಇಟ್ಟರೆ ಕಟ್ಟುತ್ತೇವೆ. ಶೂ ಕೊಳ್ಳುವ ಮುನ್ನ ಬಡ ಮಗುವಿನ ಪಾದ ಅಳೆಯಿಸುವುದು, ಶುದ್ಧ ನೀರು, ದಿನವೂ ಹಾಲು, ಸೊಟ್ಟಗಾದ ಕಾಲಿಗೆ ಸಕಾಲದಲ್ಲಿ ಚಿಕಿತ್ಸೆ, ಇವೆಲ್ಲ ತಮಗೆ ಬಿಟ್ಟದ್ದು. ಅವರ ತಂದೆತಾಯಂದಿರು ಶುಲ್ಕ ಕಟ್ಟುವವರಲ್ಲ, ಬರೀ ಓಟು ಹಾಕುವವರು.

ಇಂತಿ ತಮ್ಮ ವಿಧೇಯ,
ಶುಲ್ಕ ಕಟ್ಟುವ ತಂದೆ, ಬೆಂಗಳೂರು