ಕೇಳುವವರು ಬೇಡ, ಕೊಳ್ಳುವವರು ಬೇಕು

ಮೌನಂ ಸಮ್ಮತಿ ಲಕ್ಷಣಂ ಎಂದರು ನಮ್ಮ ಹಿರಿಯರು. ಪಾಪ, ಅವರಿಗೆ ರೆಕಾರ್ಡ್ ಕಂಪನಿಗಳ ಪರಿಚಯವಿರಲಿಲ್ಲ. ಇದ್ದಿದ್ದರೆ ಮೌನಂ ರಾಯಲ್ಟಿ ಲಕ್ಷಣಂ ಎನ್ನುತ್ತಿದ್ದರು.

2002ರಲ್ಲಿ ಇಂಗ್ಲೆಂಡಿನ ಮೈಕ್ ಬ್ಯಾಟ್ ಎಂಬ ಸಂಗೀತ ನಿರ್ಮಾಪಕ ತನ್ನ ‘ದ ಪ್ಲಾನೆಟ್ಸ್’ ತಂಡದ ಆಲ್ಬಮ್ಮಿನಲ್ಲಿ ಒಂದು ನಿಮಿಷ ಏನನ್ನೂ ನುಡಿಸದೆ ಬಿಟ್ಟ. ಕರ್ತೃವಿನ ಜಾಗದಲ್ಲಿ ‘ಬ್ಯಾಟ್/ಕೇಜ್’ ಎಂದು ಹಾಕಿದ. ಅಮೆರಿಕದ ಸಂಗೀತಕಾರ ಜಾನ್ ಕೇಜ್ ಕೃತಿಗಳ ಪ್ರಕಾಶಕರು ತಟ್ಟನೆ ಎದ್ದು ಕೂತರು. ಕೇಜ್ ತೀರಿಕೊಂಡು ಹತ್ತು ವರ್ಷವಾಗಿತ್ತು. ಅವನ ಮೌನ ಮಾತ್ರ ಬದುಕಿತ್ತು, ಹಕ್ಕುಸ್ವಾಮ್ಯದ ಸಮೇತ. ಆರಂಕಿ ಮೊತ್ತಕ್ಕೆ ರಾಜಿಯಾಯಿತೆಂದು ಪತ್ರಿಕೆಗಳು ಬರೆದವು. ಕೇಜ್ ನಾಲ್ಕೂವರೆ ನಿಮಿಷ ತೆಗೆದುಕೊಂಡದ್ದನ್ನು ತಾನು ಒಂದೇ ನಿಮಿಷದಲ್ಲಿ ಮುಗಿಸಿದೆ ಎಂದು ಬ್ಯಾಟ್ ಬೀಗಿದ. 2010ರಲ್ಲಿ ಅವನೇ ಬಾಯಿಬಿಟ್ಟ. ಜಗಳವೆಲ್ಲ ಪ್ರಚಾರದ ನಾಟಕ. ಕೊಟ್ಟದ್ದು 1,000 ಪೌಂಡ್ ದೇಣಿಗೆ.

ನಾಟಕವೇ ಸರಿ. ಆದರೆ ಎಂಟು ವರ್ಷ ಜಗತ್ತು ಅದನ್ನು ನಂಬಿತು. ಮೌನದ ಮೇಲೆ ಮೊಕದ್ದಮೆ ಹೂಡಬಲ್ಲ ಜನ ಇವರು ಎಂಬುದರಲ್ಲಿ ಯಾರಿಗೂ ಸಂಶಯ ಬರಲಿಲ್ಲ. ಅವಾಂಗಾರ್ಡ್ ಎಂಬ ಪ್ರಯೋಗಶೀಲ ಸಂಗೀತ ಐವತ್ತು ವರ್ಷದಲ್ಲಿ ಗಳಿಸಿದ ಖ್ಯಾತಿ ಇದು.

ಮೂಲ ಕೃತಿಯ ಬಗ್ಗೆ ನನಗೆ ತಕರಾರಿಲ್ಲ. 1952ರ ಆಗಸ್ಟ್ 29. ನ್ಯೂಯಾರ್ಕ್ ರಾಜ್ಯದ ವುಡ್‌ಸ್ಟಾಕ್. ಕಾಡಿನ ಮಗ್ಗುಲಲ್ಲೊಂದು ಸಭಾಂಗಣ. ಡೇವಿಡ್ ಟ್ಯೂಡರ್ ಪಿಯಾನೊ ಮುಂದೆ ಕೂತು 4 ನಿಮಿಷ 33 ಸೆಕೆಂಡು ಏನೂ ನುಡಿಸಲಿಲ್ಲ. ಮರದ ಗಾಳಿ, ಮಾಡಿನ ಮೇಲೆ ಬಿದ್ದ ಮಳೆ, ಜನರ ಗೊಣಗಾಟ, ಇದೇ ಸಂಗೀತ ಎಂದ ಕೇಜ್. ಆ ಹೊತ್ತಿನ, ಆ ಜಾಗದ ಸದ್ದು. ಕಿವಿ ತೆರೆಯಿರಿ ಎಂದ. ತೆರೆಯೋಣ.

ಹಾಗಾದರೆ ಅದರ ರೆಕಾರ್ಡ್ ಯಾಕೆ?

ಹೊರಗಿನ ಸದ್ದು ಒಳಗೆ ಬರಬಾರದೆಂದೇ ಕಟ್ಟಿದ ಕೋಣೆ ಸ್ಟುಡಿಯೊ. ಅದರೊಳಗೆ ಕೂತು, ಹೊರಗಿನ ಸದ್ದೇ ಸಂಗೀತ ಎನ್ನುವ ಕೃತಿಯನ್ನು ಮುದ್ರಿಸುತ್ತಾರೆ. 1993ರಲ್ಲಿ ಕೇಜ್‌ಗೆ ಗೌರವ ಸಲ್ಲಿಸುವ ಆಲ್ಬಮ್ಮಿಗೆ ಫ್ರಾಂಕ್ ಜಪ್ಪಾ ನುಡಿಸಿದ, ಅಂದರೆ ನುಡಿಸಲಿಲ್ಲ. 2010ರ ಕ್ರಿಸ್‌ಮಸ್‌ಗೆ ಲಂಡನ್ನಿನಲ್ಲಿ ಕಲಾವಿದರ ದಂಡೇ ಸ್ಟುಡಿಯೊದಲ್ಲಿ ಸೇರಿ ಸುಮ್ಮನೆ ನಿಂತಿತು. ಧರ್ಮಾರ್ಥಕ್ಕಾಗಿ ಬಿಟ್ಟ ಆ ಮುದ್ರಿಕೆ ಬ್ರಿಟಿಷ್ ಪಟ್ಟಿಯಲ್ಲಿ 21ನೇ ಸ್ಥಾನಕ್ಕೇರಿತು. ಅವರ ಕೆಳಗಿದ್ದವರೆಲ್ಲ ಬಾಯಿಬಿಟ್ಟು ಹಾಡಿದ್ದರು, ಪಾಪ. 2019ರಲ್ಲಿ ಮ್ಯೂಟ್ ಕಂಪನಿ ಐವತ್ತಕ್ಕೂ ಹೆಚ್ಚು ಕಲಾವಿದರಿಂದ ಇದೇ ಕೃತಿಯನ್ನು ಮಾಡಿಸಿ ಪೆಟ್ಟಿಗೆ ಕಟ್ಟಿ ಮಾರಿತು. ಐವತ್ತು ಜನರ ಮೌನ, ವೈನಿಲ್ ತಟ್ಟೆಗಳಲ್ಲಿ. ಯಾರ ಮೌನ ಯಾರದಕ್ಕಿಂತ ಚೆನ್ನಾಗಿದೆ ಎಂದು ವಿಮರ್ಶಕರು ಹೇಳಬೇಕು. ಹೇಳುತ್ತಾರೆ ಕೂಡ. ಅವರಿಗೂ ಹೊಟ್ಟೆಯಿದೆ.

2004ರಲ್ಲಿ ಬಿಬಿಸಿ ಸಿಂಫನಿ ಆರ್ಕೆಸ್ಟ್ರಾ ಇದನ್ನು ರೇಡಿಯೊದಲ್ಲಿ ನೇರವಾಗಿ ಪ್ರಸಾರ ಮಾಡಿತು. ಪ್ರಸಾರದಲ್ಲಿ ಸದ್ದು ನಿಂತರೆ ಏನೋ ಕೆಟ್ಟಿದೆ ಎಂದು ತಿಳಿದು ತಾನಾಗಿ ಬೇರೆ ಸಂಗೀತ ಹಾಕುವ ತುರ್ತು ಯಂತ್ರ ಅಲ್ಲಿತ್ತು. ಆವತ್ತು ಅದನ್ನು ಬಂದ್ ಮಾಡಿದರು. ಇಡೀ ಪ್ರಕರಣದಲ್ಲಿ ನೆಟ್ಟಗೆ ಕೇಳಿಸಿಕೊಳ್ಳಬಲ್ಲದ್ದು ಆ ಯಂತ್ರವೊಂದೇ. ಅದರ ಬಾಯಿಗೇ ಬೀಗ.

ರೆಕಾರ್ಡ್ ಎಂದರೆ ಕೇಜ್‌ಗೂ ಅಷ್ಟಕ್ಕಷ್ಟೆ. ಸಂಗೀತ ಪ್ರತಿಸಲ ಹೊಸದಾಗಿ ಆಗಬೇಕು, ತಟ್ಟೆಯಲ್ಲಿ ಹೆಪ್ಪುಗಟ್ಟಬಾರದು ಎಂಬುದು ಆತನ ಪಾಠ. ಒಳ್ಳೆಯ ಪಾಠ. ರೆಕಾರ್ಡುಗಳು ಮಾತ್ರ ಬರುತ್ತಲೇ ಇದ್ದವು. 1969ರಲ್ಲಿ ಲೆಜಾರೆನ್ ಹಿಲ್ಲರ್ ಜೊತೆ ಮಾಡಿದ ಹಾರ್ಪ್ಸಿಕಾರ್ಡ್ ಕೃತಿಯನ್ನು ನಾನ್‌ಸಚ್ ಕಂಪನಿ ತಂದಿತು. ಒಂದೊಂದು ತಟ್ಟೆಯ ಜೊತೆಗೂ ಕಂಪ್ಯೂಟರ್ ಮುದ್ರಿಸಿದ ಒಂದು ಹಾಳೆ. ಯಾವ ಸೆಕೆಂಡಿಗೆ ವಾಲ್ಯೂಮ್ ಎಷ್ಟು ತಿರುಗಿಸಬೇಕು, ಯಾವಾಗ ಟೋನ್ ಬದಲಿಸಬೇಕು ಎಂಬ ಆದೇಶಪತ್ರ. ದುಡ್ಡು ಕೊಟ್ಟು ತಂದವನು ಈಗ ಕೂಲಿಯಾಳು. ಸಂಬಳವಿಲ್ಲ. ಇದಕ್ಕೆ ಅವರಿಟ್ಟ ಹೆಸರು ಕೇಳುಗನ ಸ್ವಾತಂತ್ರ್ಯ.

ಕೇಳುಗನ ಮೇಲೆ ಇವರಿಗೆ ಎಷ್ಟು ಗೌರವ ಎಂಬುದಕ್ಕೆ ಅಮೆರಿಕದ ಸಂಗೀತಕಾರ ಮಿಲ್ಟನ್ ಬ್ಯಾಬಿಟ್ ಸಾಕ್ಷಿ. 1958ರಲ್ಲಿ ಆತನ ಲೇಖನವನ್ನು ‘ಹೈ ಫಿಡೆಲಿಟಿ’ ಪತ್ರಿಕೆ ಅಚ್ಚು ಹಾಕಿತು. ನೀವು ಕೇಳಿದರೆಷ್ಟು, ಬಿಟ್ಟರೆಷ್ಟು ಎಂಬ ಅರ್ಥದ ಶೀರ್ಷಿಕೆ. ಅದು ಸಂಪಾದಕರ ಕಿತಾಪತಿ, ತನ್ನದಲ್ಲ ಎಂದು ಬ್ಯಾಬಿಟ್ ಕೊನೆಯವರೆಗೂ ಹೇಳಿದ. ಒಪ್ಪೋಣ. ಒಳಗಿನ ಲೇಖನ ಅವನದೇ ತಾನೆ? ಸಂಗೀತಗಾರ ಜನರ ಸಹವಾಸ ಬಿಟ್ಟು ವಿಶ್ವವಿದ್ಯಾಲಯದ ಆಶ್ರಯದಲ್ಲಿರಲಿ ಎಂಬುದೇ ಅದರ ವಾದ. ಆಯಿತು, ಇರಲಿ. ಹೈ ಫಿಡೆಲಿಟಿ ಮಾತ್ರ ರೆಕಾರ್ಡ್ ಕೊಳ್ಳುವ ಜನರ ಪತ್ರಿಕೆ. ಹೇಳುವುದು ಶಾಸ್ತ್ರ, ಇಕ್ಕುವುದು ಗಾಳ.

ಅಮೆರಿಕದವನೇ ಆದ ಮಾರ್ಟನ್ ಫೆಲ್ಡ್‌ಮನ್ 1983ರಲ್ಲಿ ಬರೆದ ಎರಡನೇ ಸ್ಟ್ರಿಂಗ್ ಕ್ವಾರ್ಟೆಟ್ ಸುಮಾರು ಆರು ಗಂಟೆ ಹಿಡಿಯುತ್ತದೆ. ನಡುವೆ ಬಿಡುವಿಲ್ಲ. ಮೆಲ್ಲಗೆ, ಅತಿ ಮೆಲ್ಲಗೆ. ಕ್ರೋನೋಸ್ ತಂಡದಂಥ ಘಟಾನುಘಟಿಗಳು 1996ರಲ್ಲಿ ಮೈಕೈ ತಡೆಯದೆಂದು ಕಾರ್ಯಕ್ರಮವನ್ನೇ ಕೈಬಿಟ್ಟರು. ಫ್ಲಕ್ಸ್ ತಂಡ ನುಡಿಸಿತು, ಮೋಡ್ ಕಂಪನಿ ಐದು ಸೀಡಿಗಳಲ್ಲಿ ಹೊರತಂದಿತು. ಕಾಲದ ಪರಿವೆಯನ್ನೇ ಮರೆಸುವ ಸಂಗೀತವಂತೆ. ಗಂಟೆಗೊಮ್ಮೆ ಎದ್ದು ಸೀಡಿ ಬದಲಿಸಿ, ಮರೆಯಿರಿ.

ಈಗ ಸೀಡಿಯ ಕಾಟವೂ ಇಲ್ಲ. ಸ್ಟ್ರೀಮಿಂಗ್ ಇದೆ. ಸ್ಪಾಟಿಫೈ ಲೆಕ್ಕದಲ್ಲಿ 30 ಸೆಕೆಂಡು ಕೇಳಿದರೆ ಒಂದು ಸಲ ಕೇಳಿದಂತೆ. ಅರ್ಧ ನಿಮಿಷದ ಜಾಹೀರಾತು ಗೀತೆಗೂ ಒಂದು ಗಂಟೆಯ ತುಣುಕಿಗೂ ಒಂದೇ ಕೂಲಿ. ಈ ಲೆಕ್ಕವನ್ನು ಎಲ್ಲರಿಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡದ್ದು ವಲ್ಫ್‌ಪೆಕ್ ಎಂಬ ಅಮೆರಿಕದ ಫಂಕ್ ತಂಡ. 2014ರಲ್ಲಿ ಅರ್ಧರ್ಧ ನಿಮಿಷದ ಹತ್ತು ಮೌನಗಳ ಆಲ್ಬಮ್ ಬಿಟ್ಟಿತು. ರಾತ್ರಿ ಮಲಗುವಾಗ ಹಾಕಿಡಿ ಎಂದು ಅಭಿಮಾನಿಗಳಿಗೆ ಹೇಳಿತು. ಸುಮಾರು 20,000 ಡಾಲರ್ ಬಂತು. ಸ್ಪಾಟಿಫೈ ಅದನ್ನು ಕಿತ್ತುಹಾಕಿತು. ಕೇಜ್‌ನ ಮೌನ ಅಲ್ಲೇ ಇದೆ. ತತ್ತ್ವಜ್ಞಾನಿ ಸುಮ್ಮನಿದ್ದರೆ ಕಲೆ, ಫಂಕ್ ತಂಡ ಸುಮ್ಮನಿದ್ದರೆ ಮೋಸ.

2024ರಿಂದ ಇನ್ನೊಂದು ನಿಯಮ ಬಂದಿದೆ. ಹನ್ನೆರಡು ತಿಂಗಳಲ್ಲಿ 1,000 ಸಲವಾದರೂ ಕೇಳದ ಟ್ರ್ಯಾಕಿಗೆ ಬಿಡಿಗಾಸೂ ಇಲ್ಲ. ಕೇಳಿದರೆಷ್ಟು, ಬಿಟ್ಟರೆಷ್ಟು ಎಂದವರಿಗೆ ಕಂಪನಿ ಕೊನೆಗೂ ಉತ್ತರ ಕೊಟ್ಟಿದೆ. ಬಿಟ್ಟರೆ ಸೊನ್ನೆ.

ಜರ್ಮನಿಯ ಕಾರ್ಲ್‌ಹೈಂಜ್ ಸ್ಟಾಕ್‌ಹೌಸನ್‌ದು ಬೇರೆಯೇ ದಾರಿ. ಹಳೆಯ ರೆಕಾರ್ಡಿಂಗುಗಳ ಹಕ್ಕನ್ನು ಡಾಯ್ಚ ಗ್ರಾಮೊಫೋನ್‌ನಿಂದ ವಾಪಸು ಪಡೆದು ಸ್ವಂತ ಪ್ರಕಾಶನದಲ್ಲಿ ನೂರಕ್ಕೂ ಹೆಚ್ಚು ಸೀಡಿ ತಂದ. ಬೇಕಾದವರು ಕ್ಯುರ್ಟನ್ ಎಂಬ ಹಳ್ಳಿಗೆ ಬರೆದು ತರಿಸಿಕೊಳ್ಳಬೇಕಿತ್ತು. ಬೆಲೆ ಭಕ್ತರಿಗೆ ತಕ್ಕಂತೆ. 1995ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ನಾಲ್ವರು ವಾದಕರನ್ನು ನಾಲ್ಕು ಹೆಲಿಕಾಪ್ಟರುಗಳಲ್ಲಿ ಹಾರಿಸಿ ನುಡಿಸಿದ ಪುಣ್ಯಾತ್ಮ ಈತ. ಪಿಟೀಲು ಆಕಾಶಕ್ಕೇರಬಹುದು. ಸೀಡಿ ಅಂಗಡಿಗೆ ಇಳಿಯುವಂತಿಲ್ಲ. ಒಂದು ಮಾತು ಒಪ್ಪಬೇಕು. ಇವನು ವ್ಯಾಪಾರವನ್ನು ವ್ಯಾಪಾರವೆಂದೇ ಮಾಡಿದ. ಉಳಿದವರು ಅದಕ್ಕೆ ವೇದಾಂತದ ಅಂಗಿ ತೊಡಿಸುತ್ತಾರೆ.

ವೇದಾಂತ ಎಂದರೆ ಅಮೆರಿಕದ ಸಂಗೀತಕಾರ ಲಾ ಮಾಂಟೆ ಯಂಗ್. ಈತ ನಮಗೆ ದೂರದ ನೆಂಟನೂ ಹೌದು. ಇವನ ಗುರು ಪಂಡಿತ್ ಪ್ರಾಣನಾಥ್, ಕಿರಾಣಾ ಘರಾಣೆಯವರು. ಕುಂದಗೋಳದ ಸವಾಯಿ ಗಂಧರ್ವರು, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿಯವರು ಹಾಡಿದ ಘರಾಣೆ. ಗುರು 1970ರಲ್ಲಿ ನ್ಯೂಯಾರ್ಕಿಗೆ ಹೋದರು. ಯಂಗ್ ಅದಕ್ಕೂ ಮೊದಲೇ, 1960ರ ದಶಕದಲ್ಲಿ, ಗೆಳೆಯರ ಜೊತೆ ಗಂಟೆಗಟ್ಟಲೆ ಒಂದೇ ಶ್ರುತಿ ಹಿಡಿದು ಕೂರುತ್ತಿದ್ದ. ಟೋನಿ ಕಾನ್ರಾಡ್, ಜಾನ್ ಕೇಲ್ ಜೊತೆಗಿದ್ದರು. ಎಲ್ಲವೂ ಟೇಪಿನಲ್ಲಿ ದಾಖಲಾಯಿತು. ಟೇಪು ಯಂಗ್ ಕಪಾಟಿನಲ್ಲಿ ಉಳಿಯಿತು.

ಇದು ನಾವೆಲ್ಲ ಸೇರಿ ಕಟ್ಟಿದ್ದು, ಒಬ್ಬ ಕರ್ತೃ ಎಂಬುದನ್ನೇ ಅಳಿಸಲು ಹೊರಟಿದ್ದೆವು ಎಂದರು ಗೆಳೆಯರು. ಕರ್ತೃ ನಾನೊಬ್ಬನೇ, ಹಾಗೆಂದು ಸಹಿ ಹಾಕಿ ಎಂದ ಯಂಗ್. ಸಹಿಯಿಲ್ಲ, ಟೇಪಿಲ್ಲ. 1990ರಲ್ಲಿ ಬಫಲೊದಲ್ಲಿ ಯಂಗ್ ಕಾರ್ಯಕ್ರಮದ ಹೊರಗೆ ಕಾನ್ರಾಡ್ ಫಲಕ ಹಿಡಿದು ಪ್ರತಿಭಟಿಸಿದ. 2000ದಲ್ಲಿ ಒಂದು ಟೇಪು ಹೇಗೋ ಹೊರಬಿದ್ದು ಸೀಡಿಯಾಯಿತು. ಯಂಗ್ ಕೆರಳಿ ಕೆಂಡವಾದ. 2016ರಲ್ಲಿ ಕಾನ್ರಾಡ್ ತೀರಿಹೋದ. ಅಹಂಕಾರವನ್ನು ಕರಗಿಸುವ ನಾದ. ಕರಗದೆ ಉಳಿದದ್ದು ಅದೊಂದೇ.

ನಗಬೇಡಿ. ತಂಬೂರಿ ನಮ್ಮದು. ಅದನ್ನು ಹಿಡಿದು ಮೂರು ಗಂಟೆ ಹಿಂದೆ ಕೂರುವ ಶಿಷ್ಯೆಯ ಹೆಸರು ಎಷ್ಟು ಆಹ್ವಾನ ಪತ್ರಿಕೆಗಳಲ್ಲಿ ನೋಡಿದ್ದೀರಿ? ಅಲ್ಲಿ ಶ್ರುತಿ ಹಿಡಿದವರು ಹಕ್ಕಿಗಾಗಿ ಬೀದಿಗಿಳಿದರು. ಇಲ್ಲಿ ಆಕೆ ಮುಂದಿನ ಕಚೇರಿಗೂ ಬಂದು ಕೂರುತ್ತಾಳೆ.

ಟೇಪು ಕಾಯುವ ವಿಷಯದಲ್ಲೂ ನಮ್ಮ ಸಾಧನೆ ಕಡಿಮೆಯಲ್ಲ. 1969ರಲ್ಲಿ ಅದೇ ಡೇವಿಡ್ ಟ್ಯೂಡರ್ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಮೂಗ್ ಸಿಂಥಸೈಜರ್ ಜೋಡಿಸಿಕೊಟ್ಟ. ಕೇಜ್‌ಗೆ 1946ರಲ್ಲಿ ಭಾರತೀಯ ಸಂಗೀತ ಕಲಿಸಿದ ಗೀತಾ ಸಾರಾಭಾಯಿ, ಅತುಲ್ ದೇಸಾಯಿ ಮೊದಲಾದವರು ಅಲ್ಲಿ ಎಲೆಕ್ಟ್ರಾನಿಕ್ ಸಂಗೀತ ಮಾಡಿದರು. ಟೇಪುಗಳು ಸಂಸ್ಥೆಯ ಸಂಗ್ರಹದಲ್ಲಿ ದಶಕಗಟ್ಟಲೆ ಮಲಗಿದವು. ಪ್ರಾಚೀನ ಕಾಲದಲ್ಲೇ ನಮ್ಮಲ್ಲಿ ಎಲ್ಲವೂ ಇತ್ತು ಎಂದು ಎದೆ ತಟ್ಟುವವರಿಗೆ 1969ರಲ್ಲಿ ಏನಿತ್ತೆಂದು ಗೊತ್ತಿರಲಿಲ್ಲ. ಲಂಡನ್ನಿನಿಂದ ಪಾಲ್ ಪರ್ಗಾಸ್ ಎಂಬ ಕಲಾವಿದ ಬಂದು ದೂಳು ಕೊಡವಬೇಕಾಯಿತು. 2023ರಲ್ಲಿ ಅವು ಬಿಡುಗಡೆಯಾದವು. ಅಲ್ಲಿಂದಲೇ. ಇನ್ನು ನಾವು ಹೆಮ್ಮೆಪಡಬಹುದು.

ಪಶ್ಚಿಮದ ಈ ನವ್ಯ ಸಂಗೀತಕಾರರಲ್ಲೊಬ್ಬನ ರೆಕಾರ್ಡನ್ನು ಜನ ನಿಜಕ್ಕೂ ಮುಗಿಬಿದ್ದು ಕೊಂಡರು. ಪೋಲೆಂಡಿನ ಹೆನ್ರಿಕ್ ಗುರೆಟ್ಸ್ಕಿ 1976ರಲ್ಲಿ ಬರೆದ ಮೂರನೇ ಸಿಂಫನಿ. ಮರುವರ್ಷ ಫ್ರಾನ್ಸಿನ ರ್ವಾಯಾಂ ಉತ್ಸವದಲ್ಲಿ ನುಡಿಸಿದಾಗ ನವ್ಯ ಪಂಡಿತರು ಮೂಗು ಮುರಿದರು. ತೀರಾ ಸರಳ, ತೀರಾ ಇಂಪು. 1992ರಲ್ಲಿ ಡಾನ್ ಅಪ್‌ಶಾ ಹಾಡಿದ ರೆಕಾರ್ಡ್ ಬಂತು. ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿ ಹೋಯಿತು. ಬ್ರಿಟನ್ನಿನಲ್ಲಿ ಪಾಪ್ ಗಾಯಕರ ನಡುವೆ ನುಗ್ಗಿ ಆರನೇ ಸ್ಥಾನದಲ್ಲಿ ಕೂತಿತು. ಅಲ್ಲಿಗೆ ಅವನ ಜಾತಿ ಕೆಟ್ಟಿತು. ಯಾರೂ ಕೇಳದಿದ್ದರೆ ಸಮಾಜ ಕಿವುಡು. ಎಲ್ಲರೂ ಕೇಳಿದರೆ ಸಂಗೀತ ಅಗ್ಗ.

ಮಾರುಕಟ್ಟೆ ಬೇಡ, ಆದರೆ ಲಿಮಿಟೆಡ್ ಎಡಿಷನ್ ಬೇಕು. ಮಾಲೀಕತ್ವ ಬೇಡ, ಆದರೆ ವಕೀಲ ಬೇಕು. ಈ ತರ್ಕವನ್ನು ಕೊನೆಯವರೆಗೂ ಒಯ್ದವರು ಜರ್ಮನಿಯ ಹಾಲ್ಬರ್‌ಷ್ಟಾಟ್ ಊರಿನವರು. ‘ಆದಷ್ಟು ನಿಧಾನ’ ಎಂದು ಕೇಜ್ ಸೂಚಿಸಿದ ಆರ್ಗನ್ ಕೃತಿಯನ್ನು 639 ವರ್ಷ ನುಡಿಸಲು ಅಲ್ಲಿನ ಹಳೆಯ ಚರ್ಚಿನಲ್ಲಿ 2001ರಲ್ಲಿ ಕೂತರು. ಮೊದಲ ಹದಿನೇಳು ತಿಂಗಳು ಬರೀ ವಿರಾಮ. 2024ರ ಫೆಬ್ರವರಿಯಲ್ಲಿ ಒಂದು ಸ್ವರ ಬದಲಾಯಿತು. ಜನ ದೂರದೂರಿಂದ ಬಂದು ನೋಡಿದರು. ಮುಗಿಯುವುದು 2640ರಲ್ಲಿ.

ಆ ಕೊನೆಯ ದಿನದ ಟಿಕೆಟನ್ನು ಈಗಲೇ ಮಾರುತ್ತಿದ್ದಾರೆ. ಕೊಂಡವನು ಬಂದು ಕೇಳುವ ಅಪಾಯವೇ ಇಲ್ಲ. ಇಂಥ ಶ್ರೋತೃವಿಗಾಗಿಯೇ ಇವರು ಇಷ್ಟು ವರ್ಷ ಕಾಯುತ್ತಿದ್ದುದು.