ಇಷ್ಟು ಗುಲಾಬಿ ಸಾಕಾ?

ಅಮೆರಿಕದ ಯಾವ ದೊಡ್ಡ ಯೂನಿವರ್ಸಿಟಿಯ ಕೆಮಿಸ್ಟ್ರಿ ಡಿಪಾರ್ಟ್‌ಮೆಂಟಿಗೆ ಹೋದರೂ ಅಲ್ಲೊಂದು ಜಾತಿಯ ಜನ ಎದುರಾಗುತ್ತಾರೆ. ಕೈಯಲ್ಲಿ ಆರಿದ ಕಾಫಿ, ಕಂಕುಳಲ್ಲಿ ಲ್ಯಾಬ್ ರಿಪೋರ್ಟಿನ ಕಟ್ಟು, ಹಣೆಯ ಮೇಲೆ ಗಾಗಲ್ಸ್ ಒತ್ತಿದ ಗೆರೆ. ಇವರೇ ಟಿ.ಎ.ಗಳು, ಪೂರ್ತಿ ಹೆಸರು ಟೀಚಿಂಗ್ ಅಸಿಸ್ಟೆಂಟ್. ಬಂದಿರುವುದು ಪಿಎಚ್‌ಡಿ ಮಾಡಲು. ಆದರೆ ಫೀಸು ಮಾಫಿಯಾಗಬೇಕು, ತಿಂಗಳ ಬಾಡಿಗೆ ಕಟ್ಟಬೇಕು, ಹಾಗಾಗಿ ಡಿಗ್ರಿ ಹುಡುಗರ ಲ್ಯಾಬ್ ನೋಡಿಕೊಳ್ಳುತ್ತಾರೆ. ಮದುವೆಮನೆಯಲ್ಲಿ ಹೆಣ್ಣಿನ ಕಡೆಯವನೂ ಅಲ್ಲದ, ಗಂಡಿನ ಕಡೆಯವನೂ ಅಲ್ಲದ ಒಬ್ಬ ಸೌಟು ಹಿಡಿದು ಬಡಿಸುತ್ತಿರುತ್ತಾನಲ್ಲ, ಸಾರಿಗೆ ಉಪ್ಪು ಕಮ್ಮಿಯಾದರೆ ಇಡೀ ಪಂಕ್ತಿ ಅವನ ಮುಖ ನೋಡುತ್ತದಲ್ಲ, ಅವನೇ ಈ ಟಿ.ಎ. ನಾನೂ ಕೆಲವು ವರ್ಷ ಆ ಸೌಟು ಹಿಡಿದವನಾದ್ದರಿಂದ ನಾಲ್ಕು ಮಾತಾಡುವ ಹಕ್ಕು ನನಗಿದೆ.

ಇವನು ವಿದ್ಯಾರ್ಥಿಯೋ ನೌಕರನೋ? ಕೇಳಿದ ಕೌಂಟರಿಗೆ ತಕ್ಕ ಉತ್ತರ. ಸಂಬಳ ಸಾಲದು ಅನ್ನಿ, ‘ಇದು ಸಂಬಳವಲ್ಲಪ್ಪ, ಸ್ಟೈಪೆಂಡು, ನೀನು ಸ್ಟೂಡೆಂಟು’ ಅನ್ನುತ್ತಾರೆ. ನನಗೇ ಪರೀಕ್ಷೆ ಇದೆ, ಇವತ್ತು ಲ್ಯಾಬಿಗೆ ಬರಲಾರೆ ಅನ್ನಿ, ‘ನೀನು ಎಂಪ್ಲಾಯಿ, ಬದಲಿ ಜನ ನೀನೇ ಹುಡುಕಿಕೋ’ ಅನ್ನುತ್ತಾರೆ. ಇದು ಬರೀ ಗುಮಾಸ್ತರ ಗೊಂದಲ ಅಂದುಕೊಂಡಿದ್ದೆ. ಹಾಗೇನಲ್ಲ. ಖಾಸಗಿ ಯೂನಿವರ್ಸಿಟಿಗಳ ಈ ತಂಟೆಯನ್ನು ತೀರ್ಮಾನಿಸಲು ಅಮೆರಿಕದಲ್ಲಿ ರಾಷ್ಟ್ರೀಯ ಕಾರ್ಮಿಕ ಸಂಬಂಧ ಮಂಡಳಿ ಇದೆ. ಅದು 2000ದಲ್ಲಿ ನ್ಯೂಯಾರ್ಕ್ ಯೂನಿವರ್ಸಿಟಿಯ ಪ್ರಕರಣದಲ್ಲಿ ಇವರು ನೌಕರರು ಎಂದಿತು. 2004ರಲ್ಲಿ ಬ್ರೌನ್ ಯೂನಿವರ್ಸಿಟಿಯ ಸರದಿ ಬಂದಾಗ ಛೇ, ಎಲ್ಲಾದರೂ ಉಂಟೇ, ಇವರು ವಿದ್ಯಾರ್ಥಿಗಳು ಎಂದಿತು. 2016ರಲ್ಲಿ ಕೊಲಂಬಿಯಾದವರು ಹೋದಾಗ ಮತ್ತೆ ನೌಕರರೇ ಎಂದಿತು. ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಆಯಾ ರಾಜ್ಯದ ಕಾನೂನು. ಅದು ಇನ್ನೊಂದು ಪುರಾಣ.

ಈ ಪುರಾಣವನ್ನು ನಮ್ಮ ಸೋದರತ್ತೆಗೆ ಫೋನಿನಲ್ಲಿ ಬಿಡಿಸಿ ಹೇಳಬೇಕಾಗಿ ಬಂತು.

“ಏನೋ, ಮೇಷ್ಟ್ರಾಗಿದ್ದೀಯಂತೆ?”

“ಮೇಷ್ಟ್ರಲ್ಲ ಅತ್ತೆ, ಮೇಷ್ಟ್ರ ಅಸಿಸ್ಟೆಂಟು.”

“ಅಂದ್ರೆ ಅಟೆಂಡರ್ರೇನೋ?”

“ಅಯ್ಯೋ, ಅಲ್ಲ. ಲ್ಯಾಬಲ್ಲಿ ಪಾಠ ನಾನೇ ಮಾಡ್ತೀನಿ. ಪೇಪರ್ ತಿದ್ದೋದೂ ನಾನೇ. ಅವರ ಗೋಳು ಕೇಳೋದೂ ನಾನೇ.”

“ಮತ್ತೆ ಆ ಮೇಷ್ಟ್ರು ಏನು ಮಾಡ್ತಾರೋ?”

ಅತ್ತೆ ಓದಿದ್ದು ಏಳನೇ ಕ್ಲಾಸು. ಆ ಕಾರ್ಮಿಕ ಮಂಡಳಿಯಲ್ಲಿ ಅವರನ್ನು ಕೂರಿಸಿದ್ದಿದ್ದರೆ ವಿಷಯ ಹದಿನಾರು ವರ್ಷ ಎಳೆಯುತ್ತಿರಲಿಲ್ಲ.

ಪ್ರೊಫೆಸರರ ಬಗ್ಗೆ ಅನ್ಯಾಯವಾಗಿ ಮಾತಾಡಬಾರದು. ಅವರು ಮುನ್ನೂರು ಜನ ಕೂರುವ ಹಾಲಿನಲ್ಲಿ ವಾರಕ್ಕೆ ಮೂರು ಸಲ ಬಂದು ಹೋಗುತ್ತಾರೆ, ಉಳಿದ ಹೊತ್ತು ಗ್ರಾಂಟು ಬರೆಯುತ್ತಾರೆ. ಆ ಮುನ್ನೂರನ್ನು 24-24ರ ಗುಂಪು ಮಾಡಿ ಒಂದೊಂದು ಗುಂಪಿನ ಕೈಗೆ ಆಸಿಡ್ ಕೊಟ್ಟು ಬಾಗಿಲು ಹಾಕುತ್ತಾರಲ್ಲ, ಬಾಗಿಲ ಒಳಗೆ ಇರುವವನು ಟಿ.ಎ. ಕಾಗದದ ಮೇಲೆ ಇದು ವಾರಕ್ಕೆ 20 ಗಂಟೆಯ ಕೆಲಸ. ವಿದ್ಯಾರ್ಥಿ ವೀಸಾದಲ್ಲಿ ಬಂದವರು ಕ್ಲಾಸು ನಡೆಯುವ ದಿನಗಳಲ್ಲಿ ಅದಕ್ಕಿಂತ ಹೆಚ್ಚು ದುಡಿಯುವ ಹಾಗೂ ಇಲ್ಲ. ಹಾಗಾಗಿ ಇಪ್ಪತ್ತೊಂದನೆಯ ಗಂಟೆಯಿಂದ ನಾವು ಮಾಡುವುದಕ್ಕೆ ಕೆಲಸ ಎಂಬ ಹೆಸರಿಲ್ಲ.

ಯೂನಿಯನ್ನುಗಳು ಸುಮ್ಮನೆ ಹುಟ್ಟಲಿಲ್ಲ ನೋಡಿ. ವಿಸ್ಕಾನ್ಸಿನ್ ಯೂನಿವರ್ಸಿಟಿಯ ಮ್ಯಾಡಿಸನ್ ಕ್ಯಾಂಪಸಿನ ಟಿ.ಎ.ಗಳು 1966ರಲ್ಲೇ ಸಂಘ ಕಟ್ಟಿ, 1970ರಲ್ಲಿ ಮುಷ್ಕರ ಹೂಡಿದ್ದರು. 2022ರ ನವೆಂಬರಿನಲ್ಲಿ ಕ್ಯಾಲಿಫೋರ್ನಿಯಾ ಯೂನಿವರ್ಸಿಟಿಯಲ್ಲಿ ಟಿ.ಎ.ಗಳು, ಪೋಸ್ಟ್‌ಡಾಕ್‌ಗಳು ಎಲ್ಲ ಸೇರಿ ಸುಮಾರು 48,000 ಜನ ಬೀದಿಗಿಳಿದರು. ಅವರ ಯೂನಿಯನ್ ಯಾವುದು ಗೊತ್ತೇ? ಯುನೈಟೆಡ್ ಆಟೋ ವರ್ಕರ್ಸ್! ಡೆಟ್ರಾಯಿಟ್‌ನಲ್ಲಿ ಕಾರಿಗೆ ಬೋಲ್ಟ್ ಬಿಗಿಯುವವನೂ, ಲ್ಯಾಬ್ ರಿಪೋರ್ಟಿನಲ್ಲಿ ಯೂನಿಟ್ ಬರೆಯದ್ದಕ್ಕೆ ಅರ್ಧ ಅಂಕ ಕತ್ತರಿಸುವವನೂ ಒಂದೇ ಬಾವುಟದ ಕೆಳಗೆ. ನಗುವವರು ನಗಲಿ, ನನಗಂತೂ ಇದು ಸರಿಯಾದ ಸಂಬಂಧ ಅನಿಸಿತು.

ಇನ್ನು ಹೆಸರಿನ ಕಥೆ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದವರಿಗೆ ಅಮೆರಿಕದ ವೀಸಾದಲ್ಲಿ ಮೊದಲ ಹೆಸರಿನ ಜಾಗಕ್ಕೆ ‘ಎಫ್‌ಎನ್‌ಯು’ ಎಂದು ಹಾಕುತ್ತಾರೆ. ಮೊದಲ ಹೆಸರು ಗೊತ್ತಿಲ್ಲ ಅಂತ ಅದರ ತಾತ್ಪರ್ಯ. ಕಂಪ್ಯೂಟರಿಗೇನು ಗೊತ್ತು, ಅದನ್ನೇ ಟೈಮ್‌ಟೇಬಲಿನಲ್ಲಿ ಅಚ್ಚು ಹಾಕುತ್ತದೆ. ನಮ್ಮ ಜೊತೆಗಿದ್ದ ಹಾಸನದ ಹುಡುಗನೊಬ್ಬ ಇಡೀ ಸೆಮಿಸ್ಟರ್ ‘ಹಾಯ್ ಫ್ನೂ’ ಅನ್ನಿಸಿಕೊಂಡ. ಸರ್ ಇಲ್ಲ, ಮೇಡಂ ಇಲ್ಲ, ಹದಿನೆಂಟು ವರ್ಷದ ಹುಡುಗಿ ಬಬಲ್‌ಗಮ್ ಅಗಿಯುತ್ತ ‘ಫ್ನೂ, ಇದು ಸೋರುತ್ತಿದೆ’ ಅನ್ನುತ್ತಾಳೆ. ಅವನೂ ಓಡುತ್ತಾನೆ. ಸೋರುತ್ತಿರುವುದು ಆಸಿಡ್ ಆಗಿರುವಾಗ ಮರ್ಯಾದೆ ನೋಡುತ್ತ ನಿಲ್ಲಲಾಗುವುದಿಲ್ಲ.

ಲ್ಯಾಬಿನೊಳಗೆ ಟಿ.ಎ. ಅತಿ ಹೆಚ್ಚು ಉಚ್ಚರಿಸುವ ಶಬ್ದ ರಸಾಯನಶಾಸ್ತ್ರದ್ದಲ್ಲ. ‘ಗಾಗಲ್ಸ್!’ ಎಂಬುದು. ಮೇಕಪ್ ಕೆಡುತ್ತದೆಂದು ಒಬ್ಬಳು ಹಣೆಗೇರಿಸುತ್ತಾಳೆ, ಬೆವರುತ್ತದೆಂದು ಒಬ್ಬ ಕತ್ತಿಗಿಳಿಸುತ್ತಾನೆ, ಇನ್ನೊಬ್ಬ ಟೋಪಿಯ ಮೇಲೆ ಹಾಕಿಕೊಂಡು ತಾನು ಹಾಕಿಕೊಂಡೇ ಇದ್ದೇನೆಂದು ವಾದಿಸುತ್ತಾನೆ. ತಿನ್ನಬೇಡಿ, ಹೋಗುವಾಗ ಕೈ ತೊಳೆಯಿರಿ ಎಂದರೆ ಜಾಣನೊಬ್ಬ ಸ್ಯಾಕರಿನ್ ಕಥೆ ತೆಗೆಯುತ್ತಾನೆ. 1879ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನಲ್ಲಿ, ಐರಾ ರೆಮ್ಸೆನ್ನರ ಲ್ಯಾಬಿನಲ್ಲಿದ್ದ ಕಾನ್‌ಸ್ಟಾಂಟಿನ್ ಫಾಲ್‌ಬರ್ಗ್ ಕೈ ಸರಿಯಾಗಿ ತೊಳೆಯದೆ ಊಟಕ್ಕೆ ಕೂತನಂತೆ, ಬ್ರೆಡ್ಡು ಸಿಹಿಯಾಯಿತಂತೆ, ಹಾಗೆ ಕೃತಕ ಸಕ್ಕರೆ ಸಿಕ್ಕಿತಂತೆ. ನಿಜವೇ. ಆದರೆ ನೀನು ಈಗ ಮುಟ್ಟಿರುವುದು ಲೆಡ್ ನೈಟ್ರೇಟ್ ಕಣಪ್ಪ, ಹೋಗಿ ತೊಳೆದುಕೊಂಡು ಬಾ.

ಎಲ್ಲಕ್ಕೂ ಮಿಗಿಲು ಟೈಟ್ರೇಶನ್ ವಾರ. ಬ್ಯುರೆಟ್ಟಿನಿಂದ ಕ್ಷಾರವನ್ನು ಹನಿಹನಿಯಾಗಿ ಆಮ್ಲಕ್ಕೆ ಬಿಡಬೇಕು. ಫಿನಾಫ್ಥಲೀನ್ ಹಾಕಿದ ಆ ಬಣ್ಣವಿಲ್ಲದ ನೀರು ಒಂದೇ ಒಂದು ಹನಿಗೆ ನಸುಗುಲಾಬಿಯಾಗಿ ಅರ್ಧ ನಿಮಿಷ ನಿಲ್ಲಬೇಕು. ಇದೆಯೋ ಇಲ್ಲವೋ ಎಂದು ಬಿಳಿ ಹಾಳೆ ಹಿಡಿದು ಅನುಮಾನಿಸಬೇಕು, ಅಂಥ ಗುಲಾಬಿ. ಹುಡುಗರು ನಲ್ಲಿ ತಿರುಗಿಸಿ ಫೋನ್ ನೋಡುತ್ತಾರೆ, ತಲೆಯೆತ್ತುವಷ್ಟರಲ್ಲಿ ಫ್ಲಾಸ್ಕಿನ ತುಂಬ ರಾಣಿ ಪಿಂಕ್. ಅದನ್ನು ಎತ್ತಿ ಹಿಡಿದು, ‘ಇಷ್ಟು ಗುಲಾಬಿ ಸಾಕಾ?’ ಸಾಕು ತಾಯಿ, ಮಿಕ್ಕ ಇಪ್ಪತ್ತಮೂರು ಜನಕ್ಕೂ ಹಂಚಬಹುದು. ಅಪ್ಪಿತಪ್ಪಿ ಸರಿಯಾದ ಗುಲಾಬಿ ಬಂದವನದು ಬೇರೆ ಗೋಳು. ಅವನು ನನ್ನನ್ನು ಹುಡುಕಿಕೊಂಡು ಲ್ಯಾಬಿನ ಆ ತುದಿಯಿಂದ ಈ ತುದಿಗೆ ಬರುವಷ್ಟರಲ್ಲಿ ಗಾಳಿಯ ಕಾರ್ಬನ್ ಡೈಆಕ್ಸೈಡು ಅದರೊಳಗೆ ಕರಗಿ ಬಣ್ಣ ಮಾಯ. ಖಾಲಿ ನೀರು ತೋರಿಸಿ ‘ಈಗ ಇತ್ತು, ದೇವರಾಣೆ ಇತ್ತು’ ಎಂದು ಕಣ್ಣಲ್ಲಿ ನೀರು ತಂದುಕೊಳ್ಳುತ್ತಾನೆ. ಈ ಫಿನಾಫ್ಥಲೀನ್ ಬಹಳ ವರ್ಷ ಭೇದಿಮಾತ್ರೆಯೊಳಗಿನ ಔಷಧಿಯೂ ಆಗಿತ್ತೆಂಬ ಸತ್ಯವನ್ನು ನಾನು ಟೈಟ್ರೇಶನ್ ಮುಗಿದ ಮೇಲಷ್ಟೇ ಹೇಳುತ್ತಿದ್ದೆ. ಮೊದಲೇ ಹೇಳಿದರೆ ಯಾರಾದರೊಬ್ಬ ಪರೀಕ್ಷಿಸಿಯೇ ಬಿಡುತ್ತಾನೆ.

ಅವರನ್ನು ನೋಡಿ ನಗುವಾಗ ನಮ್ಮ ಪಿಯುಸಿ ಪ್ರಾಕ್ಟಿಕಲ್ಸ್ ಮರೆಯಬಾರದು. ಅಲ್ಲಿ ರಬ್ಬರ್ ಬಲ್ಬ್ ಇಲ್ಲದೆ ಪಿಪೆಟ್ಟಿಗೆ ಬಾಯಿ ಹಾಕಿ ಆಕ್ಸಾಲಿಕ್ ಆಸಿಡ್ ಎಳೆದ ತಲೆಮಾರು ನಮ್ಮದು. ಪಕ್ಕದವನು ಏನಾದರೂ ನಗಿಸಿದರೆ ಅದರ ರುಚಿಯೂ ಗೊತ್ತಾಗುತ್ತಿತ್ತು. ಸಾಲ್ಟ್ ಅನಾಲಿಸಿಸ್‌ನಲ್ಲಿ ಯಾವ ಸಾಲ್ಟ್ ಎಂಬುದು ಟೆಸ್ಟ್ ಟ್ಯೂಬಿಗಿಂತ ಮೊದಲು ಅಟೆಂಡರ್ ಮುಖದಲ್ಲಿ ತಿಳಿಯುತ್ತಿತ್ತು. ಟೈಟ್ರೇಶನ್ನಿಗೆ ಬಂದರೆ, ಉತ್ತರ ಎಷ್ಟು ಬರಬೇಕೆಂದು ಮೊದಲು ಲೆಕ್ಕ ಹಾಕಿ, ಆಮೇಲೆ ಹಿಂದಿನಿಂದ ಮುಂದಕ್ಕೆ ರೀಡಿಂಗ್ ಬರೆಯುತ್ತಿದ್ದೆವು. ಮೂರು ರೀಡಿಂಗೂ ಒಂದೇ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ! ಅಮೆರಿಕದ ಹುಡುಗ ಹಾಗಲ್ಲ. ಬಂದದ್ದು ಬಂದ ಹಾಗೆ ಬರೆಯುತ್ತಾನೆ, ನೂರಕ್ಕೆ ನಲವತ್ತರಷ್ಟು ತಪ್ಪಿದ್ದರೂ ಎದೆಯುಬ್ಬಿಸಿ ಬರೆಯುತ್ತಾನೆ. ಈ ಪ್ರಾಮಾಣಿಕತೆ ನೋಡಿದ ಮೊದಲ ಸಲ ನನಗೆ ಗಾಬರಿಯಾಗಿತ್ತು.

ಗಾಬರಿ ಇಳಿಯುವುದು ರಿಪೋರ್ಟ್ ತಿದ್ದುವಾಗ. ತಪ್ಪಿಗೆ ಕಾರಣ ಬರೆಯಿರಿ ಎಂಬ ಪ್ರಶ್ನೆಗೆ ಇಡೀ ಕ್ಲಾಸಿನದು ಒಂದೇ ಉತ್ತರ: ‘ಹ್ಯೂಮನ್ ಎರರ್.’ ಯಾವ ಮನುಷ್ಯ, ಏನು ಮಾಡಿದ, ಒಂದೂ ಇಲ್ಲ. 0.01 ಮಿಲಿಲೀಟರಿಗಿಂತ ಸಣ್ಣದನ್ನು ಓದಲಾಗದ ಬ್ಯುರೆಟ್ಟು ಹಿಡಿದು 0.1034827591 ಮೋಲಾರ್ ಎಂದು ಉತ್ತರ ಬರೆದಿರುತ್ತಾರೆ. ಕ್ಯಾಲ್ಕುಲೇಟರಿನ ಪರದೆ ಅಲ್ಲಿಗೆ ಮುಗಿದದ್ದು ನಮ್ಮ ಪುಣ್ಯ. ಕೆಂಪು ಶಾಯಿಯಲ್ಲಿ ಅರ್ಧ ಅಂಕ ಕತ್ತರಿಸಿದಿರೋ, ರಾತ್ರಿ ಹನ್ನೊಂದೂ ಮುಕ್ಕಾಲಿಗೆ ಮೇಲ್ ಬರುತ್ತದೆ. ನಾನು ಮುಂದೆ ಡಾಕ್ಟರಾಗಬೇಕು, ಈ ಅರ್ಧ ಅಂಕ ನನ್ನ ಭವಿಷ್ಯ. ಒಂದು ಹನಿ ಹೆಚ್ಚಾದರೆ ಏನಂತೆ ಎಂದು ಕೇಳುವವರೆಲ್ಲ ಡಾಕ್ಟರಾಗಲು ಹೊರಟವರೇ ಎಂಬುದು ನನ್ನ ನಿದ್ದೆಗೆಡಿಸಿದ ವಿಚಾರ.

ಮತ್ತೆ ಅಜ್ಜಿಯರು. ಪರೀಕ್ಷೆಯ ವಾರ ಅಜ್ಜಿ ತೀರಿಕೊಂಡರೆಂಬ ಮೇಲ್‌ಗಳು ಅಲ್ಲೂ ಬರುತ್ತವೆ. ಈಸ್ಟರ್ನ್ ಕನೆಕ್ಟಿಕಟ್ ಸ್ಟೇಟ್ ಯೂನಿವರ್ಸಿಟಿಯ ಜೀವಶಾಸ್ತ್ರದ ಮೇಷ್ಟ್ರು ಮೈಕ್ ಆಡಮ್ಸ್ ಇದರ ಮೇಲೆ 1990ರಲ್ಲಿ ಗಂಭೀರ ಮುಖದ ತಮಾಷೆ ಪ್ರಬಂಧವನ್ನೇ ಬರೆದರು: ಪರೀಕ್ಷೆ ಹತ್ತಿರ ಬಂದಂತೆ ವಿದ್ಯಾರ್ಥಿಗಳ ಅಜ್ಜಿಯರಿಗೆ ಅಪಾಯ ಹೆಚ್ಚು, ಫೇಲಾಗುತ್ತಿರುವವರ ಅಜ್ಜಿಯರಿಗಂತೂ ಇನ್ನೂ ಹೆಚ್ಚು ಅಂತ. ಹೈಸ್ಕೂಲಿನಲ್ಲೇ ಎರಡೆರಡು ಸಲ ಅಜ್ಜಿಯನ್ನು ಕಳೆದುಕೊಂಡು ಕ್ರಿಕೆಟ್ ಆಡಿದ ನಾಡಿನಿಂದ ಹೋದವರು ನಾವು. ಆ ಮೇಲ್‌ಗಳಿಗೆ ‘ತುಂಬಾ ನೋವಾಯಿತು’ ಎಂದು ಉತ್ತರ ಬರೆಯುವಾಗ ಮುಖವನ್ನು ಸರಿಯಾಗಿ ಇಟ್ಟುಕೊಳ್ಳಲು ಅಭ್ಯಾಸ ಬೇಕಾಗುತ್ತದೆ.

ಆಫೀಸ್ ಅವರ್ಸ್ ಎಂಬ ವ್ರತವೂ ಉಂಟು. ಕಿಟಕಿಯಿಲ್ಲದ ನೆಲಮಾಳಿಗೆಯ ಕೋಣೆಯಲ್ಲಿ ಅನುಮಾನ ಕೇಳುವವರಿಗಾಗಿ ಕಾಯುವುದು. ವಾರಗಟ್ಟಲೆ ನರಪಿಳ್ಳೆ ಇಲ್ಲ. ಪರೀಕ್ಷೆಯ ಹಿಂದಿನ ದಿನ ಕಾರಿಡಾರಿನ ತುದಿಯವರೆಗೆ ಸಾಲು, ಅನುಮಾನ ಮಾತ್ರ ಒಂದೇ: ‘ನಾಳೆ ಏನು ಬರುತ್ತೆ?’

ಸೆಮಿಸ್ಟರ್ ಮುಗಿದ ಮೇಲೆ ಅವರು ನಮಗೆ ಅಂಕ ಕೊಡುತ್ತಾರೆ, ಹೆಸರು ಹಾಕದೆ. ‘ಎಲ್ಲ ಚೆನ್ನಾಗಿ ಅರ್ಥವಾಯಿತು’ ಎಂಬುದರ ಕೆಳಗೇ ‘ಈತನ ಇಂಗ್ಲಿಷ್ ಒಂದಕ್ಷರ ಅರ್ಥವಾಗಲಿಲ್ಲ’ ಎಂದಿರುತ್ತದೆ. ‘ಬಹಳ ಕಟ್ಟುನಿಟ್ಟು’, ‘ಬಹಳ ಸಡಿಲ’. ಒಬ್ಬರಂತೂ ಲ್ಯಾಬಿನ ಎ.ಸಿ. ವಿಪರೀತ ತಂಪೆಂದು ನನಗೆ ಐದಕ್ಕೆ ಎರಡು ಕೊಟ್ಟಿದ್ದರು. ಅದನ್ನು ಹಿಡಿದುಕೊಂಡು ಡಿಪಾರ್ಟ್‌ಮೆಂಟಿನ ಆಫೀಸಿಗೆ ಹೋದೆ. ಅಲ್ಲಿನ ಹೆಂಗಸು ಕನ್ನಡಕದ ಮೇಲಿನಿಂದ ನೋಡಿ, ಎ.ಸಿ. ದೂರನ್ನು ನೌಕರರು ಒಂದು ಫಾರಂನಲ್ಲೂ ವಿದ್ಯಾರ್ಥಿಗಳು ಇನ್ನೊಂದು ಫಾರಂನಲ್ಲೂ ಕೊಡಬೇಕು, ನಿನಗೆ ಯಾವುದು ಕೊಡಲಿ ಎಂದು ಕೇಳಿದಳು.

ಎರಡನ್ನೂ ಇಸಿದುಕೊಂಡು ಬಂದೆ.