ದೋಷದರ್ಶನದ ಸೌಜನ್ಯ

ಚಿಕ್ಕೋಡಿ, ರಾಯಬಾಗ, ಕಾಗವಾಡಗಳ ಕಬ್ಬಿನ ಬಯಲಿನಿಂದ ಹೊರಟು ಪುಣೆಯಲ್ಲಿಯೋ ಬೆಂಗಳೂರಿನಲ್ಲಿಯೋ ಕೋಡ್ ಬರೆದು ಜೀವಿಸುವ ನಮ್ಮ ತರುಣರು ಹಬ್ಬಕ್ಕೆ ಊರಿಗೆ ಬಂದಾಗ ನಿವೇದಿಸುವ ದುಃಖಗಳಲ್ಲಿ ಅಗ್ರಗಣ್ಯವಾದುದು ಸಂಬಳದ್ದಲ್ಲ, ಕೋಡ್ ರಿವ್ಯೂದ್ದು. ಸಹೋದ್ಯೋಗಿಯ ಕೃತಿಯನ್ನು ಪರಿಶೀಲಿಸಿ ದೋಷವನ್ನು ತೋರಿಸುವ ಈ ಸತ್ಕರ್ಮವು, ಅಲ್ಪವಿರಾಮದ ಚರ್ಚೆಯಿಂದ ಆರಂಭವಾಗಿ, ಬರೆದವನು ಯಾವ ಕಾಲೇಜಿನಲ್ಲಿ ಓದಿದನೆಂಬ ವಂಶವಿಚಾರಣೆಯಲ್ಲಿ ಪರ್ಯವಸಾನ ಹೊಂದುವುದುಂಟಂತೆ.

ಐಬಿಎಂ ಸಂಸ್ಥೆಯ ಮೈಕೆಲ್ ಫೇಗನ್ 1976ರಲ್ಲಿಯೇ ಇದಕ್ಕೊಂದು ವಿಧಿಯನ್ನು ಪ್ರಕಟಿಸಿದ್ದನು: ಪರಿಶೀಲನಾಸಭೆಗೆ ಸೂತ್ರಧಾರನೊಬ್ಬನಿರಬೇಕು, ಅದು ಎರಡು ಗಂಟೆಗಳನ್ನು ಮೀರಲಾಗದು, ಅಲ್ಲಿ ದೋಷವನ್ನು ಗುರುತಿಸಬೇಕೇ ಹೊರತು ಪರಿಹಾರದ ಪಾಂಡಿತ್ಯವನ್ನು ಪ್ರದರ್ಶಿಸಲಾಗದು. (ಎರಡು ಗಂಟೆಗಳಲ್ಲಿ ನಿಪ್ಪಾಣಿಯ ಕಟ್ಟೆಯ ಮೇಲೆ ಗಡಿವಿವಾದದ ಪೀಠಿಕೆಯೂ ಮುಗಿಯದು.)

ದೋಷವನ್ನಷ್ಟೇ ತೋರಿಸುವ ಈ ಶಿಸ್ತು ನಮ್ಮ ಸೀಮೆಗೆ ಅಪರಿಚಿತವೇನಲ್ಲ: 2019ರಲ್ಲಿ ಭೌಗೋಳಿಕ ಮಾನ್ಯತೆ ಪಡೆದ ಕೊಲ್ಹಾಪುರಿ ಚಪ್ಪಲಿಯನ್ನು ಹೊಲಿಯುವ ಅಥಣಿಯ ಮನೆಗಳಲ್ಲಿ, ಒಬ್ಬರು ಕತ್ತರಿಸಿದ ತೊಗಲನ್ನು ಇನ್ನೊಬ್ಬರು ಹೆಣೆಯುವಾಗ ಪಟ್ಟಿ ಸಡಿಲವೆಂಬ ಆಕ್ಷೇಪ ಬಂದರೆ, ಚಪ್ಪಲಿ ಕೈಯಲ್ಲಿಯೇ ಇದ್ದರೂ ಮಾತು ಚಪ್ಪಲಿಯನ್ನು ಕುರಿತೇ ನಡೆಯುತ್ತದೆ. ನಮ್ಮ ವಿಮರ್ಶಕಮಹಾಶಯರಿಗೆ ಇಷ್ಟು ಸಂಯಮವೆಲ್ಲಿಯದು? ಹತ್ತು ಸಾಲಿನ ಬದಲಾವಣೆಗೆ ಹದಿನೆಂಟು ಆಕ್ಷೇಪಗಳನ್ನೆತ್ತುವ ಇವರೇ, ಶುಕ್ರವಾರ ಸಂಜೆ ಸಾವಿರ ಸಾಲುಗಳು ಬಂದಿಳಿದಾಗ, ‘ಉತ್ತಮ’ವೆಂದು ಅನುಮೋದಿಸಿ, ರಾಯಬಾಗದ ಮೇಲೆ ಹೋಗುವ ರಾಣಿ ಚನ್ನಮ್ಮ ಎಕ್ಸ್‌ಪ್ರೆಸ್ಸನ್ನು ಹಿಡಿಯಲು ಧಾವಿಸುವರು.